ಬೆಳಿಗ್ಗೆ ಸ್ಯಾನ್ ಡಿಯಾಗೊ, ಮಧ್ಯಾಹ್ನ ಎನ್ಸೆನಾಡಾ: ಕಾರಿನಲ್ಲಿ ಮೆಕ್ಸಿಕೋ ಗಡಿ ದಾಟಿ ಅದೇ ದಿನ ಮರಳುವ ಬಗೆ

ಅಮೆರಿಕದ ಐ-5 ಹೆದ್ದಾರಿ ಕೆನಡಾ ಗಡಿಯಲ್ಲಿ ಹುಟ್ಟಿ, ಮೂರು ರಾಜ್ಯಗಳನ್ನು ದಾಟಿ ಬಂದು, ಸ್ಯಾನ್ ಇಸಿದ್ರೊ ಎಂಬಲ್ಲಿ ಮೆಕ್ಸಿಕೋದ ಬಾಗಿಲಿಗೆ ಮುಟ್ಟಿ ಮುಗಿಯುತ್ತದೆ. ಸ್ಯಾನ್ ಡಿಯಾಗೊ ನಗರದ ನಡುವಿನಿಂದ ಅಲ್ಲಿಗೆ ಅರ್ಧ ಗಂಟೆಯ ದಾರಿ. ಆದರೂ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹತ್ತು ವರ್ಷ ಬಾಳಿ ಒಮ್ಮೆಯೂ ಆ ಕಡೆ ಕಾಲಿಡದ ಕನ್ನಡ ಕುಟುಂಬಗಳು ನನಗೆ ಹಲವು ಗೊತ್ತು. ಕೇಳಿದರೆ ಎರಡು ಭಯಗಳನ್ನು ಹೇಳುತ್ತಾರೆ: ವೀಸಾ ಒಂದು, ದಾರಿ ಇನ್ನೊಂದು. ಎರಡಕ್ಕೂ ಉತ್ತರವಿದೆ. ಗೆಳೆಯರ ಜೊತೆ, ಮಕ್ಕಳ ಜೊತೆ, ಧಾರವಾಡದಿಂದ ಬಂದ ಅಪ್ಪ ಅಮ್ಮನ ಜೊತೆ ಹೋಗಿ ಬಂದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಹೋಗುವುದಕ್ಕೆ ಹತ್ತು ನಿಮಿಷ ಸಾಕು, ಕಷ್ಟವೆಲ್ಲ ಇರುವುದು ಬರುವುದರಲ್ಲಿ. ಹಾಗಾಗಿ ಈ ಪ್ರಯಾಣದ ತಯಾರಿಯನ್ನು ಕೊನೆಯಿಂದ, ಅಂದರೆ ಮರಳಿ ಅಮೆರಿಕದ ಅಧಿಕಾರಿಯ ಮುಂದೆ ಕಿಟಕಿ ಇಳಿಸುವ ಗಳಿಗೆಯಿಂದ ಆರಂಭಿಸಿ.

ಹೆಜ್ಜೆ 1: ಮರಳಿ ಬರುವ ಕಾಗದ

ಕಾರಿನಲ್ಲಿ ಕೂರುವ ಪ್ರತಿಯೊಬ್ಬರ ಪಾಸ್‌ಪೋರ್ಟನ್ನು ಒಂದು ವಾರ ಮೊದಲೇ ಮೇಜಿನ ಮೇಲೆ ಹರಡಿ ನೋಡಿ. ಅಮೆರಿಕದ ನಾಗರಿಕರಿಗೆ ಪಾಸ್‌ಪೋರ್ಟ್ ಅಥವಾ ಪಾಸ್‌ಪೋರ್ಟ್ ಕಾರ್ಡ್ ಸಾಕು. ಗ್ರೀನ್ ಕಾರ್ಡ್ ಇರುವವರು ಕಾರ್ಡನ್ನೇ ತರಬೇಕು, ಮೊಬೈಲಿನಲ್ಲಿರುವ ಚಿತ್ರ ನಡೆಯುವುದಿಲ್ಲ. ಎಫ್-1 ವೀಸಾದ ವಿದ್ಯಾರ್ಥಿಗಳು ಕಾಲೇಜು ಕೊಡುವ ಐ-20 ಪತ್ರದ ಮೇಲಿನ ಪ್ರಯಾಣದ ಸಹಿ ನೋಡಿಕೊಳ್ಳಬೇಕು: ಓದುತ್ತಿರುವವರಿಗೆ ಅದು ಒಂದು ವರ್ಷ ನಡೆಯುತ್ತದೆ, ಓಪಿಟಿ ಎಂಬ ವಿದ್ಯಾರ್ಥಿಗಳ ಕೆಲಸದ ಅನುಮತಿಯಲ್ಲಿರುವವರಿಗೆ ಆರು ತಿಂಗಳು ಮಾತ್ರ. ಎಚ್-1ಬಿ ಎಂಬ ಉದ್ಯೋಗ ವೀಸಾ ಇರುವವರು ಪಾಸ್‌ಪೋರ್ಟಿನ ವೀಸಾ, ವಲಸೆ ಇಲಾಖೆಯ ಒಪ್ಪಿಗೆ ಪತ್ರವಾದ ಐ-797ರ ಮೂಲಪ್ರತಿ, ಎಲ್ಲಿಯ ತನಕ ಅಮೆರಿಕದಲ್ಲಿರಬಹುದು ಎಂದು ಹೇಳುವ ಪ್ರವೇಶ ದಾಖಲೆ ಐ-94ರ ಮುದ್ರಿತ ಪ್ರತಿ, ಇತ್ತೀಚಿನ ಎರಡು ಮೂರು ಸಂಬಳದ ಚೀಟಿ ಇಟ್ಟುಕೊಂಡರೆ ನೆಮ್ಮದಿ.

ನಮ್ಮವರಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಅವಧಿ ಮುಗಿದ ವೀಸಾದ ಬಗ್ಗೆ. ಐ-797 ಚಾಲ್ತಿಯಲ್ಲಿದೆ, ಆದರೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ದಿನಾಂಕ ಕಳೆದಿದೆ ಎಂದುಕೊಳ್ಳಿ. ಅಮೆರಿಕದ ಕಾನೂನಿನಲ್ಲಿ ಇದಕ್ಕೆ ಒಂದು ಅನುಕೂಲವಿದೆ. ಕೆನಡಾ ಅಥವಾ ಮೆಕ್ಸಿಕೋಗೆ ಮಾತ್ರ ಹೋಗಿ 30 ದಿನದೊಳಗೆ ಬಂದರೆ, ಐ-94 ಚಾಲ್ತಿಯಲ್ಲಿದ್ದರೆ, ಅಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕಿರದಿದ್ದರೆ ಹಳೆಯ ವೀಸಾವನ್ನೇ ಚಾಲ್ತಿಯಲ್ಲಿದೆ ಎಂದು ಪರಿಗಣಿಸುತ್ತಾರೆ. ಇದನ್ನು ಸ್ವಯಂ ಮರುಮಾನ್ಯತೆ ಎನ್ನಬಹುದು. ಇಷ್ಟು ಓದಿಕೊಂಡು ಹೊರಟು ನಿಂತವರನ್ನು ನಾನು ನೋಡಿದ್ದೇನೆ. ಆದರೆ ಅದು ಅಮೆರಿಕದ ನಿಯಮ, ಮೆಕ್ಸಿಕೋದ್ದಲ್ಲ. ಭಾರತದ ಪಾಸ್‌ಪೋರ್ಟಿಗೆ ಮೆಕ್ಸಿಕೋ ವೀಸಾ ಕೇಳುತ್ತದೆ. ಅಮೆರಿಕದ ಚಾಲ್ತಿ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿ ಇದೆ. ವೀಸಾದ ದಿನಾಂಕ ಕಳೆದಿದ್ದರೆ ಐ-797 ಎಷ್ಟೇ ಹೊಸದಾಗಿದ್ದರೂ ಮೆಕ್ಸಿಕೋ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರ ಕಾನ್ಸುಲೇಟಿನಲ್ಲಿ ಮೊದಲು ವೀಸಾ ಪಡೆಯಲೇಬೇಕು.

ಇನ್ನು ಕೆಲವರು ಹೋಗಲೇಬಾರದು. ದೇಶದೊಳಗಿದ್ದೇ ಸ್ಥಾನಮಾನ ಬದಲಿಸಿಕೊಳ್ಳಲು ಅರ್ಜಿ ಹಾಕಿ ತೀರ್ಮಾನಕ್ಕೆ ಕಾಯುತ್ತಿರುವವರು ಗಡಿ ದಾಟಿದರೆ ಅರ್ಜಿಯನ್ನು ಕೈಬಿಟ್ಟಂತೆ. ಗ್ರೀನ್ ಕಾರ್ಡಿಗಾಗಿ ಐ-485 ಅರ್ಜಿ ಹಾಕಿ, ಅಡ್ವಾನ್ಸ್ ಪೆರೋಲ್ ಎಂಬ ಹೋಗಿ ಬರುವ ಅನುಮತಿ ಇಲ್ಲದವರಿಗೂ ಅದೇ ಗತಿ. ಈ ಐ-485ರ ವಿಷಯದಲ್ಲಿ ಎಚ್-1ಬಿ, ಎಲ್-1 ಉದ್ಯೋಗ ವೀಸಾದವರಿಗೆ ಮತ್ತು ಅವರ ಅವಲಂಬಿತರಿಗೆ ವಿನಾಯಿತಿ ಇದೆ. ಇಂಥ ಅರ್ಜಿ ಯಾವುದೇ ಬಾಕಿಯಿದ್ದರೂ ವಕೀಲರನ್ನು ಕೇಳದೆ ಗಡಿಯ ಕಡೆ ಕಾರು ತಿರುಗಿಸಬೇಡಿ. ಒಂದು ದಿನದ ಊಟ, ಸಮುದ್ರ ಅದಕ್ಕಿಂತ ದೊಡ್ಡದಲ್ಲ.

ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮ ಧಾರಾಳವಾಗಿ ಬರಬಹುದು. ವೀಸಾ ಚಾಲ್ತಿಯಲ್ಲಿರಬೇಕು, ಹಲವು ಬಾರಿ ಪ್ರವೇಶಕ್ಕೆ ಅವಕಾಶ ಇರಬೇಕು. ಮೆಕ್ಸಿಕೋಗೆ ಹೋಗಿ ಬಂದರೆ ಅವರ ಆರು ತಿಂಗಳು ಹೊಸದಾಗಿ ಶುರುವಾಗುತ್ತದೆ ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಅದನ್ನು ನಂಬಿ ವಿಮಾನದ ಟಿಕೆಟ್ ಮುಂದೂಡಬೇಡಿ. ಮೊದಲಿನ ಐ-94ರ ದಿನಾಂಕವನ್ನೇ ಗಡುವು ಎಂದು ಇಟ್ಟುಕೊಳ್ಳಿ.

ಮಕ್ಕಳು ತಂದೆ ಅಥವಾ ತಾಯಿ ಒಬ್ಬರ ಜೊತೆ ಮಾತ್ರ ಬರುತ್ತಿದ್ದರೆ, ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಜೊತೆಗಿಡಿ.

ಹೆಜ್ಜೆ 2: ಕಾರು ಬೇಕೇ ಎಂದು ಕೇಳಿಕೊಳ್ಳಿ

ಗಡಿ ದಾಟಿದ ಕೂಡಲೇ ಸಿಗುವ ಟಿಹುವಾನಾ ನಗರ ಮಾತ್ರ ನೋಡುವುದಾದರೆ ಕಾರು ಬೇಡ. ಸ್ಯಾನ್ ಇಸಿದ್ರೊದಲ್ಲಿ ಹಣ ಕೊಟ್ಟು ಕಾರು ನಿಲ್ಲಿಸಿ, ಅಥವಾ ಸ್ಯಾನ್ ಡಿಯಾಗೊದಿಂದ ಟ್ರಾಲಿ ರೈಲಿನ ನೀಲಿ ಮಾರ್ಗ ಹಿಡಿದು ಬಂದು, ನಡೆದೇ ದಾಟಿ. ರೆವೊಲುಸಿಯೊನ್ ಬೀದಿ, 1924ರಲ್ಲಿ ಸೀಸರ್ ಸಲಾಡ್ ಹುಟ್ಟಿದ್ದೆಂದು ಹೇಳುವ ಹೋಟೆಲು, ದೊಡ್ಡ ಚೆಂಡಿನಂತಹ ಕಟ್ಟಡವಿರುವ ಸೆಕುತ್ ಸಾಂಸ್ಕೃತಿಕ ಕೇಂದ್ರ, ಇದಾಲ್ಗೊ ಮಾರುಕಟ್ಟೆ, ಎಲ್ಲವೂ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದೂರದಲ್ಲಿವೆ. ನಡೆದು ಮರಳುವ ಸಾಲು ಕಾರಿನ ಸಾಲಿಗಿಂತ ಸಾಮಾನ್ಯವಾಗಿ ಚಿಕ್ಕದು.

ಕಾರು ಸಾರ್ಥಕವಾಗುವುದು ಇನ್ನೂ ದಕ್ಷಿಣಕ್ಕೆ, ಕಡಲ ದಂಡೆಯ ಊರುಗಳಾದ ರೊಸಾರಿಟೊ, ಎನ್ಸೆನಾಡಾ, ಇಲ್ಲವೇ ದ್ರಾಕ್ಷಿ ತೋಟಗಳ ಗುವಾದಲೂಪೆ ಕಣಿವೆಯ ಕಡೆ ಹೋದರೆ. ಮುಂದಿನದೆಲ್ಲ ಅಂಥವರಿಗೆ.

ಹೆಜ್ಜೆ 3: ವಿಮೆ, ಕಾರಿನ ಕಾಗದ

ಅಮೆರಿಕದ ವಾಹನ ವಿಮೆಯನ್ನು ಮೆಕ್ಸಿಕೋ ಮಾನ್ಯ ಮಾಡುವುದಿಲ್ಲ. ಇನ್ನೊಬ್ಬರಿಗೆ ಆದ ನಷ್ಟವನ್ನು ತುಂಬುವ ವಿಮೆ ಮೆಕ್ಸಿಕೋದ ಕಂಪನಿಯದ್ದೇ ಆಗಿರಬೇಕು. ಅದಿಲ್ಲದೆ ಅಪಘಾತವಾದರೆ, ತಪ್ಪು ಯಾರದೆಂದು, ಹಣ ಯಾರು ಕೊಡುತ್ತಾರೆಂದು ಇತ್ಯರ್ಥವಾಗುವ ತನಕ ಪೊಲೀಸರು ಚಾಲಕನನ್ನು ಹಿಡಿದಿಟ್ಟುಕೊಳ್ಳಬಹುದು. ಒಂದು ದಿನದ ಪಾಲಿಸಿಯನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಕೊಳ್ಳಬಹುದು. ಕೊಳ್ಳುವಾಗ ಮೂರು ಸಂಗತಿ ನೋಡಿ: ಇತರರ ನಷ್ಟಕ್ಕೆ ಕನಿಷ್ಠ ಮೂರು ಲಕ್ಷ ಡಾಲರ್ ಇರಲಿ, ವಕೀಲರ ನೆರವು ಮತ್ತು ಜಾಮೀನು ಸೇರಿರಲಿ, ಸ್ಟಿಯರಿಂಗ್ ಹಿಡಿಯುವ ಎಲ್ಲರಿಗೂ ಅನ್ವಯವಾಗಲಿ. ಪಾಲಿಸಿಯನ್ನು ಕಾಗದದ ಮೇಲೆ ಮುದ್ರಿಸಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಡಿ. ಅಪಘಾತದ ಗಾಬರಿಯಲ್ಲಿ ಮೊಬೈಲಿನಲ್ಲಿ ಹುಡುಕುತ್ತ ನಿಲ್ಲುವುದು ಬೇಡ.

ಬಾಡಿಗೆ ಕಾರಾದರೆ ಮೆಕ್ಸಿಕೋಗೆ ಒಯ್ಯಲು ಕಂಪನಿ ಬರಹದಲ್ಲಿ ಅನುಮತಿ ಕೊಟ್ಟಿರಬೇಕು. ಹೆಚ್ಚಿನವು ಬೇಡ ಎನ್ನುತ್ತವೆ, ಕೆಲವು ತಮ್ಮದೇ ವಿಮೆ ಕೊಂಡರೆ ಬಿಡುತ್ತವೆ. ಸಾಲದ ಮೇಲೆ ಅಥವಾ ಲೀಸ್‌ನಲ್ಲಿ ಕೊಂಡ ಕಾರಾದರೆ ಒಪ್ಪಂದ ಓದಿ, ಅನುಮತಿ ಪತ್ರ ಕೇಳುವ ಸಂಸ್ಥೆಗಳಿವೆ. ಸ್ನೇಹಿತರ ಕಾರಾದರೆ ಅವರಿಂದ ಪತ್ರ ಬರೆಸಿಕೊಳ್ಳಿ. ನೋಂದಣಿ ಪತ್ರದ ಮೂಲಪ್ರತಿ, ಅಮೆರಿಕದ ಚಾಲನಾ ಪರವಾನಗಿ ಜೊತೆಗಿರಲಿ. ಮೆಕ್ಸಿಕೋದ ಒಳನಾಡಿಗೆ ಹೋಗುವ ವಾಹನಗಳಿಗೆ ತಾತ್ಕಾಲಿಕ ಆಮದು ಪರವಾನಗಿ ಬೇಕು, ಈ ಊರುಗಳೆಲ್ಲ ಇರುವ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪಕ್ಕೆ ಬೇಡ.

ಹೆಜ್ಜೆ 4: ಹಿಂದಿನ ರಾತ್ರಿ

ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ. ಬಂದೂಕು, ಗುಂಡು ಮೆಕ್ಸಿಕೋದಲ್ಲಿ ದೊಡ್ಡ ಅಪರಾಧ. ಗುರಿ ಅಭ್ಯಾಸಕ್ಕೆ ಹೋದ ಗೆಳೆಯ ಮರೆತು ಬಿಟ್ಟ ಒಂದೇ ಒಂದು ಗುಂಡು ಸೀಟಿನ ಕೆಳಗೆ ಸಿಕ್ಕರೂ ಜೈಲಿನ ಮಾತು. ಇ-ಸಿಗರೇಟು ಒಯ್ಯಬೇಡಿ. ಮೂಗು ಕಟ್ಟಿದಾಗ ನುಂಗುವ ಸೂಡೋಎಫೆಡ್ರಿನ್ ಇರುವ ಮಾತ್ರೆಗಳಿಗೂ ಅಲ್ಲಿ ನಿಷೇಧವಿದೆ, ಔಷಧಿ ಚೀಲದಿಂದ ತೆಗೆದಿಡಿ. ದೊಡ್ಡವರ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಔಷಧಿಗಳು ಅಂಗಡಿ ಕೊಟ್ಟ ಡಬ್ಬಿಯಲ್ಲೇ ಇರಲಿ, ವೈದ್ಯರ ಚೀಟಿಯೂ ಇರಲಿ.

ಮೊಬೈಲಿನಲ್ಲಿ ನಕ್ಷೆ ಇಳಿಸಿಕೊಳ್ಳಿ, ನಿಮ್ಮ ಸಂಪರ್ಕ ಮೆಕ್ಸಿಕೋದಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿ. ಗಡಿ ಪ್ರದೇಶದಲ್ಲಿ ಡಾಲರ್ ನಡೆಯುತ್ತದೆಯಾದರೂ ಟೋಲ್, ಶೌಚಾಲಯ, ಬೀದಿಬದಿಯ ಊಟಕ್ಕೆ ಸಣ್ಣ ಪೆಸೊ ನೋಟುಗಳಿದ್ದರೆ ಸಲೀಸು. ಅಮೆರಿಕ ಸರ್ಕಾರ ಬಾಹಾ ಕ್ಯಾಲಿಫೋರ್ನಿಯಾದ ಬಗ್ಗೆ ಹೊರಡಿಸುವ ಪ್ರಯಾಣ ಸೂಚನೆಯನ್ನೂ ಅದೇ ರಾತ್ರಿ ಓದಿ. ಅಲ್ಲಿ ಅಪರಾಧ ಇರುವುದು ನಿಜ. ನನ್ನ ನಿಯಮ ಸರಳ: ಹಗಲಲ್ಲಿ ಮಾತ್ರ, ಟೋಲ್ ರಸ್ತೆಯಲ್ಲಿ ಮಾತ್ರ, ಗೊತ್ತಿರುವ ಜಾಗಗಳಿಗೆ ಮಾತ್ರ.

ದಿನ ಯಾವುದು? ಮಂಗಳವಾರ ಅಥವಾ ಬುಧವಾರ. ರಜೆ ಹಾಕಿಯಾದರೂ ಸರಿ, ಭಾನುವಾರ ಸಂಜೆ ಮರಳುವ ಯೋಚನೆ ಬಿಡಿ.

ಹೆಜ್ಜೆ 5: ದಾಟುವುದು

ಬೆಳಿಗ್ಗೆ ಏಳಕ್ಕೆಲ್ಲ ಹೊರಡಿ. ಕೊನೆಯ ಅಮೆರಿಕನ್ ನಿರ್ಗಮನ ಎಂಬ ಫಲಕ ದಾಟಿದ ಮೇಲೆ ಹಿಂತಿರುಗಲು ದಾರಿಯಿಲ್ಲ. ಏನಾದರೂ ಮರೆತಿದ್ದು ನೆನಪಾದರೆ ಅಲ್ಲೇ ಹೆದ್ದಾರಿಯಿಂದ ಇಳಿದುಬಿಡಿ. ಮುಂದೆ ಎಲ್ ಚಪರಾಲ್ ಎಂಬ ಮೆಕ್ಸಿಕೋದ ತಪಾಸಣಾ ಸ್ಥಳ. ಲೇನ್‌ಗಳು ಎರಡು ಬಗೆ: ಸುಂಕದವರಿಗೆ ಘೋಷಿಸಲು ಏನೂ ಇಲ್ಲದವರದು 'ನಾದಾ ಕೆ ದೆಕ್ಲರಾರ್', ಇರುವವರದು 'ದೆಕ್ಲರಸಿಯೊನ್'. ದೀಪ ಹಸಿರಾದರೆ ಮುಂದೆ, ಕೆಂಪಾದರೆ ಪಕ್ಕಕ್ಕೆ ನಿಲ್ಲಿಸಿ ಡಿಕ್ಕಿ ತೆರೆಯಬೇಕು. ಕೆಂಪು ಬಂತೆಂದು ಹೆದರಬೇಕಾಗಿಲ್ಲ. ನಮಗೆ ಬಂದಾಗ ಕಾವಲಿನವರು ಅಮ್ಮನ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಸಿ, ಚಪಾತಿ ನೋಡಿ, ನಕ್ಕು ಕಳಿಸಿದರು.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಹಸಿರು ದೀಪ ಬಂದ ಖುಷಿಯಲ್ಲಿ ವಲಸೆ ಕಚೇರಿಗೆ ಹೋಗದೆ ಸೀದಾ ಹೊರಟುಬಿಡುತ್ತಾರೆ. ಯಾರೂ ತಡೆಯುವುದಿಲ್ಲ ಎಂಬುದು ನಿಜ. ಆದರೆ ಒಂದು ದಿನಕ್ಕಾದರೂ ವಿದೇಶಿಯರು ಎಫ್‌ಎಂಎಂ ಎಂಬ ಪ್ರವೇಶ ಪತ್ರ ಪಡೆಯಬೇಕು. ಘೋಷಣೆಯ ಲೇನ್‌ಗೆ ಹೋಗಿ, ಅಧಿಕಾರಿಗೆ 'ಎಫ್‌ಎಂಎಂ, ಪೊರ್ ಫವೊರ್' ಎಂದರೆ ಕಾರು ಎಲ್ಲಿ ನಿಲ್ಲಿಸಬೇಕೆಂದು ತೋರಿಸುತ್ತಾರೆ. ಪಾಸ್‌ಪೋರ್ಟು, ವೀಸಾ ತೋರಿಸಿ, ಪತ್ರ ಪಡೆದು, ಮುದ್ರೆ ಬಿತ್ತೇ ಎಂದು ನೋಡಿಕೊಂಡು ಹೊರಡಿ. ವೀಸಾದ ಮೇಲೆ ಬದುಕುವ ನಾವು ಯಾವ ದೇಶದಲ್ಲೂ ಕಾಗದವಿಲ್ಲದೆ ಒಂದು ಗಂಟೆಯೂ ಇರಬಾರದು.

ಹೆಜ್ಜೆ 6: ಕಡಲ ದಾರಿ

ತಪಾಸಣೆ ಮುಗಿದ ಕೂಡಲೇ ರಸ್ತೆಗಳು ಕವಲೊಡೆಯುತ್ತವೆ. 'ಪ್ಲಾಯಾಸ್', 'ರೊಸಾರಿಟೊ', 'ಎನ್ಸೆನಾಡಾ ಕುವೋತಾ' ಎಂಬ ಫಲಕಗಳನ್ನೇ ಹಿಡಿಯಿರಿ. ಕುವೋತಾ ಎಂದರೆ ಟೋಲ್ ರಸ್ತೆ, ಲೀಬ್ರೆ ಎಂದರೆ ಹಣ ಕೊಡಬೇಕಿಲ್ಲದ ಹಳೆಯ ರಸ್ತೆ. ಗಡಿಗೋಡೆಯ ಪಕ್ಕದಲ್ಲೇ ಸ್ವಲ್ಪ ದೂರ ಸಾಗಿ, ಗೋಡೆ ಸಮುದ್ರಕ್ಕಿಳಿಯುವ ಪ್ಲಾಯಾಸ್ ಬಳಿ ಎಡಕ್ಕೆ ತಿರುಗಿದರೆ, ಅಲ್ಲಿಂದ ಎನ್ಸೆನಾಡಾವರೆಗೆ ಸುಮಾರು 100 ಕಿಲೋಮೀಟರ್, ಮೂರು ಟೋಲ್. ಬಲಗಡೆ ಇಡೀ ದಾರಿ ಪೆಸಿಫಿಕ್ ಸಾಗರ. 2013ರ ಡಿಸೆಂಬರಿನಲ್ಲಿ ಎನ್ಸೆನಾಡಾಕ್ಕೆ ಹತ್ತಿರದಲ್ಲಿ ಈ ರಸ್ತೆಯ ಒಂದು ತುಂಡು ಭೂಕುಸಿತದಿಂದ ಕಡಲ ಕಡೆಗೆ ಜಾರಿಹೋಗಿತ್ತು; ಸರಿಪಡಿಸಲು ಸುಮಾರು ಒಂದು ವರ್ಷ ಹಿಡಿಯಿತು. ಬಂಡೆಯಂಚಿನಲ್ಲಿರುವ ಮಿರಾದೊರ್ ಎಂಬ ವೀಕ್ಷಣಾ ತಾಣದಲ್ಲಿ ಐದು ನಿಮಿಷ ನಿಂತರೆ ರಸ್ತೆ ಎಂಥ ಇಳಿಜಾರಿನ ಮೇಲೆ ಕೂತಿದೆ ಎಂದು ತಿಳಿಯುತ್ತದೆ.

ವೇಗದ ಫಲಕಗಳು ಕಿಲೋಮೀಟರಿನಲ್ಲಿವೆ. ಕಾರಿನ ಮುಳ್ಳು ಮೈಲಿ ತೋರಿಸುತ್ತಿರುತ್ತದೆ: 60 ಎಂದರೆ 37 ಮೈಲಿ, 80 ಎಂದರೆ 50 ಮೈಲಿ. 'ಆಲ್ತೊ' ಎಂದರೆ ನಿಲ್ಲಿ. 'ತೋಪೆ' ಎಂದರೆ ನಮ್ಮೂರಿನ ರೋಡ್ ಹಂಪ್, ಬಣ್ಣವಿಲ್ಲದೆ ಸದ್ದಿಲ್ಲದೆ ಎದುರಾಗುತ್ತದೆ. ಪೆಟ್ರೋಲ್ ಬಂಕ್‌ನಲ್ಲಿ ಇಳಿಯಬೇಕಾಗಿಲ್ಲ, ಹುಡುಗರೇ ಬಂದು ತುಂಬಿಸುತ್ತಾರೆ. ಹಸಿರು ಸಾಮಾನ್ಯ ಪೆಟ್ರೋಲ್, ಕೆಂಪು ಪ್ರೀಮಿಯಂ. ಊರಿನಲ್ಲಿ ಮಾಡುವಂತೆಯೇ ಮೀಟರ್ ಸೊನ್ನೆಯಿಂದ ಶುರುವಾಯಿತೇ ನೋಡಿ, ಕೊನೆಯಲ್ಲಿ ಹತ್ತಿಪ್ಪತ್ತು ಪೆಸೊ ಭಕ್ಷೀಸು ಕೊಡಿ. ಹೆದ್ದಾರಿಯಲ್ಲಿ ಕಾರು ಕೆಟ್ಟರೆ 078ಕ್ಕೆ ಕರೆ ಮಾಡಿ, 'ಆಂಹೆಲೆಸ್ ವೆರ್ದೆಸ್' ಎಂಬ ಸರ್ಕಾರಿ ನೆರವಿನ ಹಸಿರು ವಾಹನ ಬರುತ್ತದೆ. ತುರ್ತಿಗೆ ಅಲ್ಲಿಯೂ 911.

ಸಂಚಾರ ಪೊಲೀಸರು ನಿಲ್ಲಿಸಿ ಅಲ್ಲೇ ಹಣ ಕೇಳಿದರೆ ಕೊಡಬೇಡಿ. 'ಬೊಲೇತಾ, ಪೊರ್ ಫವೊರ್' ಎಂದು ದಂಡದ ಚೀಟಿ ಕೇಳಿ, ಠಾಣೆಯಲ್ಲಿ ಕಟ್ಟುತ್ತೇನೆ ಎಂದು ಸಮಾಧಾನದಿಂದ ಹೇಳಿ.

ಹೆಜ್ಜೆ 7: ಊಟ, ಅದರಲ್ಲೂ ಸಸ್ಯಾಹಾರಿಗಳದ್ದು

ಮೀನು ತಿನ್ನುವವರಿಗೆ ಇಲ್ಲಿ ಹಬ್ಬ. ಪುಯೆರ್ತೊ ನುಯೆವೊ ಊರು ಸಿಗಡಿಯ ದೊಡ್ಡಣ್ಣ ಲಾಬ್‌ಸ್ಟರ್‌ಗೆ, ಎನ್ಸೆನಾಡಾ ಮೀನಿನ ಟಾಕೊಗೆ ಹೆಸರುವಾಸಿ.

ಸಸ್ಯಾಹಾರಿಗಳು ಮಾಂಸ ಬೇಡ ಎಂದಷ್ಟೇ ಹೇಳಿ ಸುಮ್ಮನಾಗಬಾರದು. ಹುರಿದು ಅರೆದ ಅವರೆಯಂಥ ಕಾಳಿನಲ್ಲಿ ಹಂದಿಯ ಕೊಬ್ಬು ಇರಬಹುದು, ಕೆಂಪನ್ನದಲ್ಲಿ ಕೋಳಿಯ ಸಾರು ಇರಬಹುದು, ಮೈದಾದಂಥ ಹಿಟ್ಟಿನ ಟೋರ್ಟಿಯಾದಲ್ಲಿಯೂ ಕೊಬ್ಬು ಇರಬಹುದು. 'ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೆಕಾ, ಸಿನ್ ಕಾಲ್ದೊ ದೆ ಪೋಯೊ' ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಮಾಂಸ, ಕೋಳಿ, ಮೀನು, ಹಂದಿಕೊಬ್ಬು, ಕೋಳಿಸಾರು ಯಾವುದೂ ಬೇಡ. ಕಣ್ಣುಮುಚ್ಚಿ ತಿನ್ನಬಹುದಾದದ್ದು ಮೆಕ್ಕೆಜೋಳದ ಟೋರ್ಟಿಯಾ. ಅದರೊಳಗೆ ಕುಂಬಳದ ಹೂವು, ಪಾಪಾಸುಕಳ್ಳಿಯ ಎಳೆ ಎಲೆ, ಹುರಿದ ಮೆಣಸಿನಕಾಯಿಯ ಜೊತೆ ಚೀಸ್ ಹಾಕಿಸಿ.

ಎನ್ಸೆನಾಡಾದ ಒಂದು ಸಣ್ಣ ಅಂಗಡಿಯಲ್ಲಿ ಹೆಂಗಸೊಬ್ಬರು ಟೋರ್ಟಿಯಾ ತಟ್ಟುತ್ತಿದ್ದರು. ಅಮ್ಮ ಊಟ ಬಿಟ್ಟು ಅವರ ಎದುರು ಹೋಗಿ ನಿಂತರು. ಜೋಳದ ಹಿಟ್ಟಿಗೆ ಎಸರು ಹಾಕಿ ನಾದದಿದ್ದರೆ ರೊಟ್ಟಿ ಬಿರಿಯುತ್ತದೆ, ಇವರ ಹಿಟ್ಟು ತಣ್ಣಗಿದ್ದೂ ಬಿರಿಯುತ್ತಿಲ್ಲವಲ್ಲ ಎಂಬುದು ಅವರ ಪ್ರಶ್ನೆ. ಭಾಷೆಯಿಲ್ಲ. ಅಮ್ಮ ಬಿಸಿನೀರಿನ ಆವಿಯನ್ನು ಕೈಯಲ್ಲಿ ಆಡಿಸಿ ತೋರಿಸಿದರು. ಆ ಹೆಂಗಸಿಗೆ ಅರ್ಥವಾಯಿತು. ಒಳಗೆ ಕರೆದು, ಸುಣ್ಣದ ನೀರಿನಲ್ಲಿ ಬೆಂದು ನೆನೆಯುತ್ತಿದ್ದ ಮೆಕ್ಕೆಜೋಳದ ಪಾತ್ರೆ ತೋರಿಸಿದರು. ಒಂದು ಕಾಳನ್ನು ಎತ್ತಿ ಬೆರಳಲ್ಲಿ ಒತ್ತಿದಾಗ ಸಿಪ್ಪೆ ಜಾರಿ ಬಿತ್ತು. ಹಿಟ್ಟಿಗೆ ಅಂಟು ಬರುವುದು ಆ ಸುಣ್ಣದಿಂದ. ಅಮ್ಮ ಒಂದು ಟೋರ್ಟಿಯಾ ತಟ್ಟಿ ಕೊಟ್ಟರು, ಅದು ಹೆಂಚಿನ ಮೇಲೆ ಉಬ್ಬಿತು. ಕುಡಿಯಲು ಬಂದದ್ದು ಆಗುವಾ ದೆ ತಮರಿಂದೊ, ಅಂದರೆ ಹುಣಸೆಹಣ್ಣಿನ ಪಾನಕ; ಬೆಲ್ಲದ ಬದಲು ಸಕ್ಕರೆ, ಅಷ್ಟೇ ವ್ಯತ್ಯಾಸ.

ಊಟದ ನಂತರ ಬಂದರಿನ ದಂಡೆಯ ಮೇಲೆ ಓಡಾಡಿ, 1930ರಲ್ಲಿ ಜೂಜಿನ ಹೋಟೆಲಾಗಿ ತೆರೆದು ಈಗ ಸಾಂಸ್ಕೃತಿಕ ಕೇಂದ್ರವಾಗಿರುವ ರಿವಿಯೆರಾ ಕಟ್ಟಡದ ತೋಟ ನೋಡಿ. ಅಲೆಗಳು ಬಂಡೆಯ ಬಿರುಕಿನಿಂದ ಕಾರಂಜಿಯಂತೆ ಚಿಮ್ಮುವ ಬುಫದೋರಾ ಚೆಂದವೇ, ಆದರೆ ಇನ್ನೂ ದಕ್ಷಿಣಕ್ಕಿದೆ. ಒಂದೇ ದಿನದಲ್ಲಿ ಅದನ್ನೂ ತುರುಕಿದರೆ ಮರಳುವ ಹೊತ್ತು ಕೈತಪ್ಪುತ್ತದೆ. ಬಿಟ್ಟುಬಿಡಿ.

ಹೆಜ್ಜೆ 8: ಏನು ತರಬಹುದು, ಏನು ತರಬಾರದು

ಅಮೆರಿಕದ ನಿವಾಸಿಗಳು ತಲಾ 800 ಡಾಲರ್‌ವರೆಗಿನ ಸಾಮಾನನ್ನು ಸುಂಕವಿಲ್ಲದೆ ತರಬಹುದು. 21 ತುಂಬಿದವರು ಒಂದು ಲೀಟರ್ ಮದ್ಯ. ಬ್ರೆಡ್ಡು, ಮಿಠಾಯಿ, ಮಣ್ಣಿನ ಪಾತ್ರೆ, ಕಂಬಳಿ ತೊಂದರೆಯಿಲ್ಲ. ಹಂದಿಮಾಂಸ ಬೇಡ. ಮಾವು, ಸೀಬೆ, ಕಿತ್ತಳೆಗೆ ಆಸೆಪಡಬೇಡಿ, ಅಲ್ಲೇ ಉಪ್ಪು ಖಾರ ಹಚ್ಚಿಸಿ ತಿಂದು ಬನ್ನಿ. ಬೆಳಿಗ್ಗೆ ಮನೆಯಿಂದಲೇ ಒಯ್ದ ಹಣ್ಣು ಉಳಿದಿದ್ದರೂ ಮರಳುವಾಗ ಅದು ಹೊರದೇಶದ ಹಣ್ಣೇ. ನಿಂಬೆ, ಕಿತ್ತಳೆ ಗಿಡಗಳನ್ನು ಸಾಯಿಸುವ ಹಸಿರು ರೋಗವನ್ನು ಹೊತ್ತು ತರುವ ಸಣ್ಣ ಕೀಟಕ್ಕೆ ಕ್ಯಾಲಿಫೋರ್ನಿಯಾ ಬಹಳ ಅಂಜುತ್ತದೆ. ಆ ಕೀಟಕ್ಕೆ ನಮ್ಮ ಕರಿಬೇವೂ ಪ್ರಿಯ, ಅದೂ ಅದೇ ಕುಟುಂಬದ ಗಿಡ. ಬುತ್ತಿಯಲ್ಲಿ ಒಂದು ಎಸಳು ಹಸಿ ಕರಿಬೇವು ಉಳಿದಿದ್ದರೂ ತೆಗೆದುಬಿಡಿ. ಯಾವುದೇ ತಿನಿಸಿದ್ದರೂ ಅಧಿಕಾರಿಗೆ ಮೊದಲೇ ಹೇಳಿ. ಹೇಳಿದರೆ ಹೆಚ್ಚೆಂದರೆ ಅದನ್ನು ಎಸೆಯುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಹೆಜ್ಜೆ 9: ಮರಳುವ ಸಾಲು

ಎನ್ಸೆನಾಡಾದಿಂದ ಮಧ್ಯಾಹ್ನ ಎರಡಕ್ಕೆ ಹೊರಡಿ. ಹೊರಡುವ ಮೊದಲು ಎಲ್ಲರೂ ಶೌಚಾಲಯಕ್ಕೆ ಹೋಗಿ ಬರಲಿ, ಟ್ಯಾಂಕ್ ತುಂಬಿರಲಿ, ನೀರು ಮತ್ತು ತಿನಿಸು ಕೈಗೆಟಕುವಂತಿರಲಿ. ಸಾಲಿಗೆ ಸೇರಿದ ಮೇಲೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ.

ಯಾವ ಗಡಿಗೆ ಹೋಗಬೇಕೆಂದು ಆಗಲೇ ತೀರ್ಮಾನಿಸಿ. ಅಮೆರಿಕದ ಗಡಿ ಇಲಾಖೆಯೇ ಕಾಯುವ ಸಮಯ ತೋರಿಸುವ ಆಪ್ ಕೊಡುತ್ತದೆ. ಸ್ಯಾನ್ ಇಸಿದ್ರೊ ದೊಡ್ಡದು. ಪೂರ್ವಕ್ಕೆ ಓಟೈ ಮೇಸಾ. ಇನ್ನೂ ಪೂರ್ವಕ್ಕೆ ಬೆಟ್ಟಗಳ ನಡುವೆ ಟೆಕಾಟೆ. ಎನ್ಸೆನಾಡಾದಿಂದ ಗುವಾದಲೂಪೆ ಕಣಿವೆಯ ದ್ರಾಕ್ಷಿ ತೋಟಗಳ ಮೂಲಕ ಹೋಗುವ ದಾರಿ ಅಲ್ಲಿಗೆ ಸೇರುತ್ತದೆ. ಬಂದ ದಾರಿಯಲ್ಲೇ ಹೋಗುವುದು ಬೇಡ ಎನ್ನುವವರಿಗೆ ನಾನು ಟೆಕಾಟೆಯನ್ನೇ ಹೇಳುತ್ತೇನೆ. ಒಂದೇ ಎಚ್ಚರ, ಅದು ರಾತ್ರಿ ಮುಚ್ಚುತ್ತದೆ.

ಲೇನ್‌ಗಳ ವಿಷಯ ಗಮನವಿಟ್ಟು ಓದಿ. ಸೆಂಟ್ರಿ ಲೇನ್ ಮೊದಲೇ ನೋಂದಾಯಿಸಿಕೊಂಡವರಿಗೆ ಮಾತ್ರ. ರೆಡಿ ಲೇನ್ ಚಿಪ್ ಇರುವ ಕಾರ್ಡುಗಳಿಗೆ: ಪಾಸ್‌ಪೋರ್ಟ್ ಕಾರ್ಡ್, ಈಗಿನ ಗ್ರೀನ್ ಕಾರ್ಡ್ ಇದಕ್ಕೆ ಆಗುತ್ತವೆ, ಆದರೆ ಕಾರಿನಲ್ಲಿರುವ 16 ತುಂಬಿದ ಎಲ್ಲರ ಬಳಿಯೂ ಅಂಥ ಕಾರ್ಡ್ ಇರಬೇಕು. ನೀವು ಗ್ರೀನ್ ಕಾರ್ಡಿನವರಾಗಿದ್ದು ಹಿಂದೆ ಕೂತ ಅಪ್ಪ ಅಮ್ಮ ಭಾರತದ ಪಾಸ್‌ಪೋರ್ಟಿನವರಾಗಿದ್ದರೆ ಎಲ್ಲರೂ ಸಾಮಾನ್ಯ ಲೇನ್‌ಗೇ ಹೋಗಬೇಕು.

ಈ ಲೇನ್‌ಗಳು ಗಡಿಗೆ ಬಹಳ ಮೊದಲೇ, ಟಿಹುವಾನಾದ ಬೀದಿಗಳಲ್ಲೇ ಬೇರೆಯಾಗುತ್ತವೆ. ಒಮ್ಮೆ ನಾನು ಮೊಬೈಲಿನ ನಕ್ಷೆ ತೋರಿಸಿದ ದಟ್ಟಣೆಯಿಲ್ಲದ ದಾರಿ ಹಿಡಿದೆ. ಅದು ಸೆಂಟ್ರಿಗೆ ಹೋಗುವ ದಾರಿ. ಸಿಮೆಂಟಿನ ತಡೆಗೋಡೆ ಶುರುವಾಗುವ ಸ್ವಲ್ಪ ಮೊದಲು ಫಲಕ ಕಂಡು ಹೊರಬಂದು, ಊರನ್ನು ಸುತ್ತಿ, ಸಾಮಾನ್ಯ ಸಾಲಿನ ಬಾಲ ಸೇರುವಾಗ ಒಂದೂವರೆ ಗಂಟೆ ಕಳೆದಿತ್ತು. ಅಪ್ಪ ಇನ್ಸುಲಿನ್ ತೆಗೆದುಕೊಳ್ಳುವವರು, ಊಟದ ಹೊತ್ತು ಮೀರುತ್ತಿತ್ತು. ಅಮ್ಮನ ಡಬ್ಬಿಯಲ್ಲಿ ಉಳಿದಿದ್ದ ಎರಡು ಚಪಾತಿ ಅಂದು ಕಾಪಾಡಿದವು. ಅಂದಿನಿಂದ ಇಲ್ಲಿ ನಾನು ನಕ್ಷೆಯನ್ನಲ್ಲ, ತಲೆಯ ಮೇಲಿನ ಫಲಕಗಳನ್ನು ಮಾತ್ರ ನೋಡುತ್ತೇನೆ, ಪಕ್ಕದಲ್ಲಿ ಕೂತವರಿಗೂ ಗಟ್ಟಿಯಾಗಿ ಓದಲು ಹೇಳುತ್ತೇನೆ.

ಸಾಲಿನಲ್ಲಿ ಒಂದರಿಂದ ಮೂರು ಗಂಟೆ ಕಳೆಯಬಹುದು. ಸ್ಥಳೀಯರು ಇದನ್ನು 'ಲಾ ಲೀನಿಯಾ' ಎನ್ನುತ್ತಾರೆ, ಅದೇ ಒಂದು ಸಂತೆ. ಚುರ್ರೊ, ಕಂಬಳಿ, ಬಣ್ಣದ ಗೊಂಬೆ ಮಾರುವವರು ಕಿಟಕಿಯಿಂದ ಕಿಟಕಿಗೆ ನಡೆಯುತ್ತಾರೆ.

ಬೂತ್ ಹತ್ತಿರವಾದಾಗ ಎಲ್ಲ ಕಿಟಕಿ ಇಳಿಸಿ, ತಂಪು ಕನ್ನಡಕ ತೆಗೆಯಿರಿ, ಮೊಬೈಲ್ ಕೆಳಗಿಡಿ, ಪಾಸ್‌ಪೋರ್ಟುಗಳನ್ನು ವೀಸಾದ ಪುಟ ತೆರೆದು ಒಟ್ಟಿಗೆ ಕೊಡಿ. ಎಲ್ಲಿ ಹೋಗಿದ್ದಿರಿ, ಏನು ತಂದಿರಿ, ಎಲ್ಲಿ ಕೆಲಸ ಎಂದು ಕೇಳುತ್ತಾರೆ. ಕೇಳಿದಷ್ಟಕ್ಕೆ ಉತ್ತರಿಸಿ. ಅಪ್ಪ ಅಮ್ಮನನ್ನೇ ಕೇಳಿದರೆ ಅವರೇ ಹೇಳಲಿ, ಇಂಗ್ಲಿಷ್ ಬಾರದಿದ್ದರೆ ಅನುಮತಿ ಕೇಳಿ ನೀವು ಅನುವಾದಿಸಿ. ಸ್ವಯಂ ಮರುಮಾನ್ಯತೆಯ ಮೇಲೆ ಬರುವವರನ್ನು ಪಕ್ಕದ ಕಚೇರಿಗೆ ಕಳಿಸಿ ಕಾಗದ ನೋಡುವುದುಂಟು, ಅದಕ್ಕೊಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಹೆಜ್ಜೆ 10: ಅದೇ ರಾತ್ರಿ

ಮನೆಗೆ ಬಂದು ಕಾಲು ತೊಳೆದ ಮೇಲೆ ಗಡಿ ಇಲಾಖೆಯ ಜಾಲತಾಣದಲ್ಲಿ ಎಲ್ಲರ ಐ-94 ತೆರೆದು ನೋಡಿ. ಸಾಮಾನ್ಯವಾಗಿ ಹಳೆಯದೇ ಇರುತ್ತದೆ. ಹೊಸ ಪ್ರವೇಶ ದಾಖಲಾಗಿದ್ದರೆ ಮೊದಲಿದ್ದ ದಿನಾಂಕದ ಜೊತೆ ಹೋಲಿಸಿ. ಪಾಸ್‌ಪೋರ್ಟಿನ ಅವಧಿ ಬೇಗ ಮುಗಿಯುವುದಿದ್ದರೆ ಅಲ್ಲಿಗೇ ಕತ್ತರಿಸಿ ಕೊಟ್ಟಿರಬಹುದು. ಬದಲಾವಣೆ ಕಂಡರೆ ಮಾರನೆಯ ದಿನವೇ ಕಚೇರಿಯ ವಕೀಲರಿಗೆ ಅದರ ಪ್ರತಿ ಕಳಿಸಿ. ಬದಲಾಗಿಲ್ಲದಿದ್ದರೆ ಮುದ್ರಿಸಿ ಪಾಸ್‌ಪೋರ್ಟಿನೊಳಗಿಡಿ, ಮುಂದಿನ ಸಲಕ್ಕೆ ಬೇಕಾಗುತ್ತದೆ.